ಬಲೆ ಕಣ್ಣಿನ ಹಿಂದಿರೋ ಸಾಲ

ನಮ್ಮ ರಾಜ್ಯದಾಗ ಮೀನಿನ ಹೆಸರು ಇಟ್ಕೊಂಡಿರೋ ಯೂನಿವರ್ಸಿಟಿ ಅದ ಅಂದ್ರ ಅದು ಬೀದರದಾಗ ಅದ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ನಂದಿನಗರ. ಅದರ ಕೈಕೆಳಗಿರೋ ಮೀನುಗಾರಿಕೆ ಕಾಲೇಜ ಮಾತ್ರ ಮಂಗಳೂರಾಗ, 1969ರಾಗ ಶುರು ಆಗಿದ್ದು, ದೇಶದಾಗೇ ಮೊದಲನೇದು. ಅಂದ್ರ ಸಮುದ್ರದ ಕಾಲೇಜಿನ ಹೆಡ್ಡಾಫೀಸು ಮಂಜೀರಾ ಸೀಮಿದಾಗ. ಮಂಗಳೂರಿನ ದೋಸ್ತರು ಇದಕ್ಕ ಭಾಳ ನಗ್ತಿದ್ರು, ನಂಗ ಮಾತ್ರ ಇದು ಹಂಗೇ ಇರ್ಬೇಕು ಅಂತ ಈಗ ಅನಸ್ತದ, ಯಾಕಂದ್ರ ನನ್ನ ನೌಕರಿನೂ ಅದೇ ದಾರಿ ಹಿಡೀತು, ಅರ್ಧ ಜಿಂದಗಿ ಕಡಲ ದಂಡಿಗಿ, ಉಳಿದಿದ್ದು ಕೃಷ್ಣಾ ಭೀಮಾ ನಡುವ.

ಊರು ಯಾದಗಿರಿ ಜಿಲ್ಲಾ. ನಾ ಹುಟ್ಟಿದಾಗ ಅದು ಗುಲಬರ್ಗಾದಾಗೇ ಇತ್ತು ಅನ್ನೋದು ಬ್ಯಾರೆ ಮಾತು. ಮನಿದಾಗ ಯಾರೂ ಮೀನ ಹಿಡ್ಯೋರಲ್ಲ, ನಮ್ದು ತೊಗರಿ ಹೊಲ. ಸೀಟು ಸಿಕ್ಕಿತು ಅಂತ ಮಂಗಳೂರಿಗಿ ಹೋದವ. "ಮೀನ ಓದ್ಲಾಕ ಕಾಲೇಜ ಬೇಕೇನೋ ತಮ್ಮಾ" ಅಂತ ನಮ್ಮ ದೊಡಪ್ಪ ಬಸ್‌ಸ್ಟ್ಯಾಂಡ್ ತನಕ ಬಂದು ಕೇಳಿದ್ದ, ಅದಕ್ಕ ಅವತ್ತು ನನ್ನತ್ರ ಉತ್ತರ ಇರಲಿಲ್ಲ.

ಕಾಲೇಜ ಮುಗದ ಮ್ಯಾಲ ಸಿಕ್ಕಿದ್ದು ಧಕ್ಕೆ ಕೆಲಸ. ಧಕ್ಕೆ ಅಂದ್ರ ಬೋಟ್ ಬಂದು ಮೀನ ಇಳಿಸೋ ಜಾಗ, ನಮ್ಮ ಕಡಿ ಓದುಗರಿಗಿ ಹೇಳ್ಬೇಕಂದ್ರ ಎಪಿಎಂಸಿ ಯಾರ್ಡ್ ಇದ್ದಂಗ, ಕಾಳಿನ ಬದಲಿ ಮೀನ. ಮುಂಜಾನಿ ನಾಕಕ್ಕ ಎದ್ದು ಹೋಗ್ಬೇಕು, ಕಾಲಿಗಿ ಗಂಬೂಟು, ಕೈಯಾಗ ಒಂದು ಅಳತಿ ಹಲಗಿ, ಅದರ ಒಂದು ತುದಿಗಿ ಅಡ್ಡ ಪಟ್ಟಿ, ಮೂತಿ ಅಲ್ಲಿ ತಾಗಿಸಿ ಮೀನ ಉದ್ದಕ ಮಲಗಿಸಿ ಬಾಲದ ತನಕ ಎಷ್ಟು ಸೆಂಟಿಮೀಟರ್ ಅಂತ ಓದೋದು, ಬಾಜೂಕ ನಿಂತವ ಪೆನ್ಸಿಲ್‌ಲೇ ಬರ್ಕೋಳ್ಳೋದು. ಪೆನ್ನು ನಡ್ಯಲ್ಲ, ನೀರು ಬಿದ್ದ್ರ ಹರಡ್ತದ. ಬಂಗುಡೆ (ಮ್ಯಾಕರೆಲ್), ಬೂತಾಯಿ (ಸಾರ್ಡೀನ್), ಮದ್ಮಲ್, ಬೊಂಡಾಸ (ಸ್ಕ್ವಿಡ್), ಒಂದೊಂದು ರಾಶಿಯಿಂದ ಇಷ್ಟು ಅಂತ ಆರಿಸ್ಕೊಂಡು. ಹರಾಜ ಕೂಗೋ ಹೆಣ್ಮಕ್ಕಳು, ಐಸ್ ತಳ್ಳೋರು, ಬುಟ್ಟಿ ಹೊರೋರು ಎಲ್ಲಾರೂ ಅವಸರದಾಗ ಇರ್ತಾರ, ನಡುವ ನಾವು ಮೀನ ಅಳೀಲಾಕ ಕುಂತ್ರ ಬೈಗುಳ ಬರದೇ ಇರ್ತಾವಾ. ಒಬ್ಬ ತಾಂಡೇಲ, ಅಂದ್ರ ಬೋಟಿನ ಯಜಮಾನ ಅಲ್ಲ, ಬೋಟ್ ನಡಸೋ ಮುಖ್ಯಸ್ಥ, ಅಂವ ದಿನಾ ಕೇಳ್ತಿದ್ದ, "ಎಂತ ಮಾರಾಯ್ರೆ, ನೀವು ಸ್ಕೇಲ್ ಹಿಡಿದ್ರೆ ಮೀನು ಉದ್ದ ಆಗ್ತದಾ?"

ಅಳಿಯೋದು ಎದಕ ಅಂದ್ರ ಉದ್ದದಾಗ ವಯಸ್ಸು ಇರ್ತದ. ಇನ್ನೂ ಖಾತ್ರಿ ಬೇಕಂದ್ರ ಮೀನಿನ ತಲಿ ಸೀಳಿ ಮೆದುಳಿನ ಕೆಳಗಿಂದ ಕಿವಿಕಲ್ಲು ತಗೀಬೇಕು. ಬಂಗುಡೆದು ಅಕ್ಕಿನುಚ್ಚಿನಷ್ಟು ಇರ್ತದ, ಚಿಮಟಿಗಿಲೇ ಹಿಡಿದು ನೀರಾಗ ತೊಳದು ಒಣಗಿಸಿ, ಉಜ್ಜಿ ತೆಳ್ಳಗ ಮಾಡಿ ಸೂಕ್ಷ್ಮದರ್ಶಕದ ಕೆಳಗ ಇಟ್ರ ಸುತ್ತು ಸುತ್ತು ಗೆರಿ ಕಾಣಸ್ತಾವ, ನಮ್ಮಂಥಾ ಬಿಸಿ ನೀರಿನ ಮೀನಿಗಿ ಎಷ್ಟೋ ಸಲ ದಿನಕ್ಕೊಂದು ಗೆರಿ ಬೀಳ್ತದ. ನಂಗ ಇವತ್ತಿಗೂ ಈ ಕೆಲಸದಾಗ ಎಲ್ಲದಕ್ಕಿಂತ ಸೇರೋದು ಅದೇ. ರೊಕ್ಕದ ಮಾತು ಇಲ್ಲ, ಮೀಟಿಂಗ್ ಇಲ್ಲ, ಗೆರಿ ಎಣಿಸೋದು ಅಷ್ಟೇ.

ಆದ್ರ ಸಂಬಳ ಕೊಡೋರು ಗೆರಿ ಎಣಸ್ಲಾಕ ಕೊಡಲ್ಲ. ಸಮುದ್ರದಾಗ ಎಷ್ಟು ಮೀನ ಅದ, ಎಷ್ಟು ಹಿಡಿಬಹುದು, ಇದು ಹೇಳ್ರಿ ಅಂತಾರ. ಸಮುದ್ರದಾಗಿನ ಮೀನ ಯಾರೂ ಎಣಿಸಿಲ್ಲ, ಎಣಸ್ಲಾಕೂ ಆಗಲ್ಲ. ನಮಗ ಗೊತ್ತಿರೋದು ದಂಡಿಗಿ ಬಂದ ಮೀನ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, 1947ರಾಗ ಶುರು ಆಗಿದ್ದು, ಅವರು ಕೆಲವು ಧಕ್ಕೆ, ಕೆಲವು ದಿನ, ಕೆಲವು ಬೋಟ್ ಆರಿಸಿ ಲೆಕ್ಕ ಹಾಕಿ ಇಡೀ ಕರಾವಳಿ ಅಂದಾಜ ತಗೀತಾರ, ಅದು ಚಲೋ ಪದ್ಧತಿನೇ. ಅದರ ಜೋಡಿ ಒಂದು ಬೋಟು ಒಂದು ತಾಸು ಬಲೆ ಎಳದ್ರ ಎಷ್ಟು ಸಿಗ್ತದ ಅನ್ನೋ ಲೆಕ್ಕ. ತಾಸಿಗಿ ಸಿಗೋದು ಕಡಿಮಿ ಆಯ್ತಂದ್ರ ಸಮುದ್ರದಾಗ ಕಡಿಮಿ ಆಗ್ಯಾದ ಅಂತ ತಿಳ್ಕೊಳ್ಳೋದು.

ಇಲ್ಲೇ ಒಂದು ಗುಂಡಿ ಅದ. ಗುಂಪು ಕಟ್ಟೋ ಮೀನ ಕಡಿಮಿ ಆದ್ರೂ ಗುಂಪು ಬಿಡಲ್ಲ. ಬ್ಯಾಸಗಿದಾಗ ನಮ್ಮೂರಾಗ ನೀರಿನ ಟ್ಯಾಂಕರ್ ಬಂದ್ರ ಅದರ ಸುತ್ತ ಎಷ್ಟು ಗದ್ದಲ ಇರ್ತದ ನೋಡ್ರಿ, ಅರ್ಧ ಊರು ಗುಳೆ ಹೋಗಿದ್ರೂ ಟ್ಯಾಂಕರ್ ಸುತ್ತ ಮಂದಿ ಅಷ್ಟೇ ಕಾಣಸ್ತಾರ, ಟ್ಯಾಂಕರ್ ಫೋಟೋ ನೋಡಿ ಊರಿನ ಜನಸಂಖ್ಯಾ ಹೇಳ್ಲಾಕ ಆಗಲ್ಲ. ಬೋಟಿಗಿ ಫಿಶ್ ಫೈಂಡರ್ ಇರ್ತದ, ವಯರ್‌ಲೆಸ್ ಇರ್ತದ, ಈಗ ಮೊಬೈಲ್, ಅವ್ರು ಸೀದಾ ಗುಂಪಿನ ಮ್ಯಾಲೇ ಹೋಗ್ತಾರ, ಹಂಗಾಗಿ ಕೊನೀ ಗುಂಪಿನ ತನಕ ಬಲೆ ತುಂಬೇ ಬರ್ತದ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಾಡ್ ಮೀನಿನ ಕಥಿ ನಮ್ಮ ಲೈನಿನಾಗ ಇರೋರೆಲ್ಲಾ ಓದಿರ್ತಾರ. ಐನೂರು ವರ್ಷ ಹಿಡಿದ ಮೀನ. 1980ರ ದಶಕದಾಗ ಸರ್ಕಾರದ ವಿಜ್ಞಾನಿಗಳು ಹಾಕಿದ ಲೆಕ್ಕದಾಗ ದೊಡ್ಡ ಟ್ರಾಲರ್‌ಗಳ, ಅಂದ್ರ ಚೀಲದಂಥಾ ಬಲೆ ಹಿಂದ ಎಳ್ಕೊಂಡು ಹೋಗೋ ಬೋಟ್‌ಗಳ, ಹಿಡಿತದ ಅಂಕಿಗಿ ಭಾಳ ಕಿಮ್ಮತ್ತು ಇತ್ತು, ಅದು ಚಲೋನೇ ಕಾಣ್ತಿತ್ತು. ದಂಡಿ ಹತ್ರ ಸಣ್ಣ ದೋಣಿದಾಗ ಹಿಡ್ಯೋರು ಮಾತ್ರ ಮೀನ ಸಣ್ಣ ಆಗ್ಲಾಕತ್ತಾವ, ಬರವಲ್ದಾಗ್ಯಾವ ಅಂತ ಕೂಗ್ತಾ ಇದ್ರು. 1992ರ ಜುಲೈ 2ಕ್ಕ ಸರ್ಕಾರ ಪೂರಾ ಬಂದ್ ಮಾಡ್ತು, ಸುಮಾರು 30 ಸಾವಿರ ಮಂದಿ ಕೆಲಸ ಹೋಯ್ತು. ಎರಡು ವರ್ಷ ಅಂತ ಹೇಳಿ ಮಾಡಿದ ಬಂದ್ ಮೂವತ್ತು ವರ್ಷ ದಾಟಿತು. ಮೀನಗಾರರ ಮಾತು ಕೇಳಿದ್ರ ಇದು ತಪ್ಪತಿತ್ತು ಅಂತ ಮಂದಿ ಹೇಳ್ತಾರ, ಅದು ಅರ್ಧ ಖರೇ. ಮೀನಗಾರರ ಅಂಕಿನೇ ಕೇಳಿದ್ರಲ್ರೀ ಅವ್ರು, ಟ್ರಾಲರ್ ಕಂಪನಿದೂ ಮೀನಗಾರಿಕೆನೇ. ಯಾವ ಮೀನಗಾರರ ಮಾತು ಕೇಳಿದ್ರು, ಯಾರ ಮಾತು ಬಿಟ್ರು, ಲಫಡಾ ಇರೋದು ಅಲ್ಲಿ.

ಇಂಡಸ್ಟ್ರಿ, ಅಂದ್ರ ಮೀನಿನ ಧಂದೆಯವರ ಜೋಡಿ ಕೆಲಸ ಮಾಡ್ರಿ ಅಂತ ನಮ್ಮಂಥಾ ವಿಜ್ಞಾನಿಗಳಿಗಿ ಈಗ ಎಲ್ಲಾ ಕಡಿ ಹೇಳ್ತಾರ. ನಮ್ಮ ಕರಾವಳಿನೇ ತಗೋರಿ. ರಂಪಣಿ ಅಂತ ಒಂದು ಬಲೆ ಇತ್ತು, ದಂಡಿಯಿಂದ ಎಳೆಯೋದು, ಭಾಳ ಉದ್ದ, ಊರಿನ ಮಂದಿಯೆಲ್ಲಾ ಸೇರಿ ಹಗ್ಗ ಹಿಡ್ಕೊಂಡು ಎಳೆದು ಬಂದ ಮೀನ ಪಾಲು ಮಾಡ್ಕೋತಿದ್ರು. 1970ರ ದಶಕದ ನಡುವ ಪರ್ಸೀನ್ ಬೋಟ್ ಬಂದ್ವು, ಗುಂಪನ್ನ ಸಮುದ್ರದಾಗೇ ಸುತ್ತು ಹಾಕಿ ಕೆಳಗ ಹಗ್ಗ ಬಿಗದು ಚೀಲ ಮಾಡಿ ಎತ್ತೋದು. ಮೀನ ದಂಡಿಗಿ ಬರೋಕಿಂತ ಮೊದ್ಲೇ ಬೋಟಿನಾಗ. ಜಗಳ ಆದ್ವು, ಗಲಾಟಿ ಆದ್ವು, ಹತ್ತು ವರ್ಷದೊಳಗ ರಂಪಣಿ ಹೆಚ್ಚೂಕಡಿಮಿ ಮುಗದೇ ಹೋಯ್ತು. ಆಮ್ಯಾಲ 1986ರಾಗ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ರಂಪಣಿ ಎಳೀತಿದ್ದ ಮನಿಯವರ ಮಕ್ಕಳೇ ಎಷ್ಟೋ ಮಂದಿ ಪರ್ಸೀನ್ ಬೋಟಿನಾಗ ಪಾಲುದಾರರಾದ್ರು, ಅದನ್ನೂ ಹೇಳ್ಬೇಕು, ಇಲ್ಲಾಂದ್ರ ಕಥಿ ಭಾಳ ಸಲೀಸ ಆಗ್ತದ.

ನಾ ಧಕ್ಕೆದಾಗ ಇದ್ದ ಕಾಲಕ್ಕ ಬೂತಾಯಿ ಗಲಾಟಿ ಎದ್ದಿತ್ತು. 2012ರಾಗ ದೇಶದಾಗ 7 ಲಕ್ಷ ಟನ್ ದಾಟಿ ಬೂತಾಯಿ ಬಿದ್ದಿತ್ತು, ಅಷ್ಟು ಯಾವತ್ತೂ ಬಿದ್ದಿರಲಿಲ್ಲ, ಕೇರಳ ಒಂದರಾಗೇ ಹತ್ತತ್ರ 4 ಲಕ್ಷ ಟನ್. ಆಮ್ಯಾಲ ಇಳೀಲಾಕತ್ತು, 2021ರಾಗ ಕೇರಳದಾಗ ಮೂರೂವರೆ ಸಾವಿರ ಟನ್ನೂ ದಾಟಲಿಲ್ಲ. ಇದಕ್ಕ ಎಲ್ ನಿನೋ, ಅಂದ್ರ ಪೆಸಿಫಿಕ್ ಸಮುದ್ರ ಬಿಸಿ ಆಗಿ ಹವಾ ಏರುಪೇರು ಆಗೋದು, ಕಾರಣ, ನೀರು ಬಿಸಿ ಆಗಿದ್ದು ಕಾರಣ, ತಿನ್ನೋ ಪಾಚಿ ಕಡಿಮಿ ಆಗಿದ್ದು ಕಾರಣ, ಎಲ್ಲಾ ಖರೇ. ಬೂತಾಯಿ ಬಾಳೋದೇ ಎರಡು ಮೂರು ವರ್ಷ, ಒಂದು ಮಳೆಗಾಲ ಕೆಟ್ರ ಮುಂದಿನ ವರ್ಷದ ಹಿಡಿತ ಕೆಡ್ತದ. ಅದರ ಜೋಡಿ ಮರಿಗೋಳ್ನ ಹಿಡಿದಿದ್ದೂ ಕಾರಣ. ಮರಿ ಯಾರು ತಿಂತಾರ? ಮಂದಿ ತಿನ್ನಲ್ಲ. ಮೀನಹಿಟ್ಟಿನ ಫ್ಯಾಕ್ಟರಿ ತಿಂತದ. ಕೋಳಿ ಆಹಾರ, ಸೀಗಡಿ ಆಹಾರ, ಮೀನೆಣ್ಣಿ, ಎಲ್ಲಾ ಅದರಿಂದ. ಮೊದ್ಲ ಟ್ರಾಲ್ ಬೋಟಿನವ್ರು ಕಸದಂಗ ಇರೋ ಸಣ್ಣ ಮೀನ ಸಮುದ್ರಕ್ಕ ಚೆಲ್ಲಿ ಬರ್ತಿದ್ರು, ಫ್ಯಾಕ್ಟರಿ ಕಿಲೋಕ್ಕ ಇಷ್ಟು ಅಂತ ಕೊಡ್ಲಾಕತ್ತ ಮ್ಯಾಲ ಅದೂ ದಂಡಿಗಿ ಬಂತು.

ಆ ತಾಂಡೇಲನ್ನ ಒಮ್ಮೆ ಕುಂದ್ರಿಸ್ಕೊಂಡು ಕೇಳಿದ್ನಿ, ಈ ಸಣ್ಣ ಕಣ್ಣಿನ, ಅಂದ್ರ ಸಣ್ಣ ತೂತಿನ ಬಲೆ ಚೀಲ ಎದಕ ಹಾಕ್ತೀರಿ, ನಾಳಿ ಮೀನ ನಿಮಗೇ ಬೇಕಲ್ಲ ಅಂತ. ಅಂವ ಸಿಟ್ಟಾಗಲಿಲ್ಲ. ಡೀಸೆಲ್ ಎಷ್ಟು ಲೀಟರ್, ಐಸ್ ಎಷ್ಟು, ಖಲಾಸಿಗಳ ಬತ್ತೆ ಎಷ್ಟು, ಬೋಟಿನ ಸಾಲದ ಕಂತು ಎಷ್ಟು, ಎಲ್ಲಾ ಬೀಡಿ ಕಟ್ಟಿನ ಹಿಂದ ಬರ್ದು ತೋರಿಸ್ದ. ದೊಡ್ಡ ಮೀನಿನಿಂದ ಡೀಸೆಲ್ ಹುಟ್ತದ, ಸಣ್ಣ ಮೀನಿನಿಂದ ಕಂತು ಹುಟ್ತದ. "ಕಣ್ಣು ದೊಡ್ಡದು ಮಾಡಿದ್ರೆ ಬ್ಯಾಂಕಿನವ್ರು ಕಂತು ಸಣ್ಣದು ಮಾಡ್ತಾರಾ ಕೇಳಿ ನೋಡಿ" ಅಂದ.

ಅವತ್ತಿಂದ ನಾ ಬಲೆ ನೋಡಿದ್ರ ಹಿಂದ ಸಾಲ ಹುಡಕ್ತೀನಿ. ಬಲೆಯ ಕಣ್ಣು ಎಷ್ಟಿರ್ಬೇಕು ಅಂತ ನಾವು ಪುಸ್ತಕ ನೋಡಿ ಹೇಳ್ತೀವಿ, ಟ್ರಾಲ್ ಚೀಲಕ್ಕ ಚೌಕ ಕಣ್ಣು 35 ಮಿಲಿಮೀಟರ್ ಇರ್ಲಿ ಅಂತ, ಮರಿ ಹಿಡೀಬ್ಯಾಡ್ರಿ ಅಂತ. ಕೇರಳ 2015ರಾಗ ಇಂಥಾ ಮೀನ ಇಷ್ಟು ಉದ್ದ ಇರ್ಲಾರ್ದ ಹಿಡೀಬಾರ್ದು ಅಂತ ಹುಕುಂ ಮಾಡ್ತು, ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ನಮ್ಮ ದಂಡಿಗಿ ಜೂನ್ ಒಂದರಿಂದ ಜುಲೈ ಕೊನೀ ತನಕ 61 ದಿನ ಯಾಂತ್ರೀಕೃತ ಬೋಟ್ ಬಂದ್ ಇರ್ತಾವ. ಇವೆಲ್ಲಾ ಬೇಕು, ಇವೆಲ್ಲಾ ಇಲ್ದಿದ್ರ ಇನ್ನೂ ಹಾಳಾಗ್ತಿತ್ತು. ಇವುಗಳಾಗ ಬಂದ್ ಮಾತ್ರ ಬರೋಬ್ಬರಿ ನಡೀತದ, ಯಾಕಂದ್ರ ಎಲ್ಲಾರ ಬೋಟೂ ಒಂದೇ ದಿನ ನಿಲ್ತಾವ, ಮಳಿಗಾಲ ಹೆಂಗೂ ಸಮುದ್ರ ಒರಟು, ರಿಪೇರಿ ಕೆಲಸ ಇರ್ತದ. ಕಣ್ಣಿನ ಅಳತಿ ಹಂಗಲ್ಲ, ಅದು ಒಬ್ಬೊಬ್ಬನ ಜೇಬಿಗಿ ಕೈ ಹಾಕ್ತದ, ನೋಡೋರು ಯಾರೂ ಇರಲ್ಲ.

ತಂದಿಗಿ ಆರಾಮ ಇಲ್ದಂಗ ಆಗಿ ನಾ ಈ ಕಡಿ ಬಂದ್ನಿ. ಬಂದಾಗ ಅನ್ಕೊಂಡಿದ್ದು, ಅಲ್ಲಿ ಸಮುದ್ರದ ಗದ್ದಲ ಮುಗೀತು, ಇಲ್ಲಿ ಡ್ಯಾಮು ಕೆರಿ, ನಾಕು ಗೋಡಿ ನಡುವ ನೀರು, ಎಷ್ಟು ಬಿಟ್ಟಿವಿ ಎಷ್ಟು ಹಿಡಿದ್ವಿ ಲೆಕ್ಕ ಸಲೀಸ ಅಂತ. ಒಳನಾಡು ಮೀನಗಾರಿಕೆ ಅಂದ್ರ ಕರಾವಳಿ ಮಂದಿ ಎರಡನೇ ದರ್ಜಿ ಅಂತ ನೋಡ್ತಾರ, ಅದು ಅವ್ರ ಸೊಕ್ಕು. ಬಸವಸಾಗರ, ಅಂದ್ರ ನಮ್ಮ ನಾರಾಯಣಪುರ ಡ್ಯಾಮ, 1982ರಾಗ ಮುಗದದ್ದು, ತುಂಬಿದಾಗ ಹತ್ತತ್ರ 13 ಸಾವಿರ ಹೆಕ್ಟೇರ್ ನೀರು ಹರಡ್ತದ. ಬೀದರಕ್ಕ ಕಾರಂಜಾ, ಕಲಬುರಗಿಗಿ ಬೆಣ್ಣೆತೊರಾ, ಆಳಂದಕ್ಕ ಅಮರ್ಜಾ, ಚಿಂಚೋಳಿದಾಗ ಚಂದ್ರಂಪಳ್ಳಿ, ಮುಲ್ಲಾಮಾರಿ, ಯಾದಗಿರಿಗಿ ಹತ್ತಿಕುಣಿ, ಭೀಮಾ ಮ್ಯಾಲ ಸೊನ್ನ, ಸನ್ನತಿ ಬ್ಯಾರೇಜು. ಇಷ್ಟು ನೀರು ಇಟ್ಕೊಂಡು ಮೀನ ಎಲ್ಲಿವ್ರಿ ಅಂತ ಮಂದಿ ಕೇಳ್ತಾರಲ್ಲ ಅದಕ್ಕ ಏನನ್ಬೇಕು.

ಎಲ್ಲಿವ ಅನ್ನೋದು ಒಂದು ರೀತಿಲೇ ನೋಡಿದ್ರ ಬರೋಬ್ಬರಿ ಪ್ರಶ್ನಿನೇ. 1995ರಾಗ ಎಫ್‌ಎಓ ಅಂತ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಭಾರತದ ಜಲಾಶಯಗಳ ಮ್ಯಾಲ ಒಂದು ವರದಿ ತಂದಿತ್ತು. ಸಣ್ಣ ಜಲಾಶಯದಾಗ ವರ್ಷಕ್ಕ ಹೆಕ್ಟೇರಿಗಿ 50 ಕಿಲೋ, ದೊಡ್ಡವುದರಾಗ 11 ಕಿಲೋ. ಆ ಸರಾಸರಿ ಹಿಡ್ಕೊಂಡು ನಾರಾಯಣಪುರಕ್ಕ ಲೆಕ್ಕ ಹಾಕಿದ್ರ ವರ್ಷಕ್ಕ 145 ಟನ್ ಆಸುಪಾಸು. ಮಲ್ಪೆದಾಗ ಸೀಜನ್ನಿನಾಗ ಅಷ್ಟು ಮೀನ ಇಳೀಲಾಕ ಭಾಳ ಹೊತ್ತೇನ ಬೇಕಿಲ್ಲ. ಅಷ್ಟು ದೊಡ್ಡ ನೀರಿಗಿ ಇಷ್ಟು ಕಮ್ಮಿ ಮೀನ ಎದಕ ಅಂದ್ರ, ನಾವು ಸಾಕೋ ಕಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಕಡಿಯವು, ಕೃಷ್ಣಾದವಲ್ಲ. ಕಟ್ಲಾ ಮ್ಯಾಲಿನ ನೀರಾಗ ತಿಂತದ, ರೋಹು ನಡುವ, ಮೃಗಾಲ್ ತಳದಾಗ, ಅದಕ್ಕೇ ಮೂರೂ ಕೂಡಿಸಿ ಬಿಡ್ತಾರ. ನಿಂತ ನೀರಾಗ ಇವು ಮೊಟ್ಟಿ ಇಡಲ್ಲ, ಹೊಳಿಗಿ ಮಹಾಪೂರ ಬಂದು ದಂಡಿ ಮ್ಯಾಲ ನೀರು ಏರಿದಾಗ ಇಡ್ತಾವ. 1957ರ ಜುಲೈ 10ಕ್ಕ ಒಡಿಶಾದ ಅಂಗುಲ್‌ದಾಗ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮೀನಿನ ತಲಿಯೊಳಗಿನ ಪಿಟ್ಯುಟರಿ ಗ್ರಂಥಿ ಅರೆದು ಇಂಜೆಕ್ಷನ್ ಕೊಟ್ಟು ಹೊಂಡದಾಗೇ ಮೊಟ್ಟಿ ಇಡಿಸಿದ್ರು. ಈಗ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ದೇಶದಾಗಿನ ಇಡೀ ಕಾರ್ಪ್ ಮೀನಿನ, ಅಂದ್ರ ಕಟ್ಲಾ ರೋಹು ಜಾತಿಯವುಗಳ ಧಂದೆ ಆ ಇಂಜೆಕ್ಷನ್ ಮ್ಯಾಲ ನಿಂತದ, ಗ್ರಂಥಿ ಬದಲಿ ಈಗ ರೆಡಿಮೇಡ್ ಹಾರ್ಮೋನ್ ಸಿಗ್ತದ ಅಷ್ಟೇ.

ಹಂಗಾಗಿ ಪ್ರತಿ ವರ್ಷ ಮರಿ ಬಿಡ್ಲೇಬೇಕು. ಮರಿ ಬರೋದು ನೋಡಿರೇನು ಯಾವಾಗರ? ದಪ್ಪ ಪಾಲಿಥೀನ್ ಚೀಲ, ಕೆಳಗ ಒಂದು ಪಾಲು ನೀರು, ಮ್ಯಾಲ ಎರಡು ಪಾಲು ಆಕ್ಸಿಜನ್ ತುಂಬಿ ಬಾಯಿ ಬಿಗದಿರ್ತಾರ. ಬೊಲೆರೋ ಪಿಕಪ್ಪಿನಾಗ ತಾಡಪತ್ರಿ ಕೆಳಗ ಬರ್ತಾವ, ರಾತ್ರಿ ಹೊಂಟು ಮುಂಜಾನಿ ಮುಟ್ಟಬೇಕು, ಬಿಸಲು ಏರಿದ್ರ ಮುಗೀತು. ಬಂದ ಕೂಡ್ಲೇ ಕತ್ತರಿಸಿ ಸುರೀಬಾರ್ದು, ಚೀಲ ಹಂಗೇ ಡ್ಯಾಮಿನ ನೀರಾಗ ತೇಲಬಿಟ್ಟು ಒಂದು ಇಪ್ಪತ್ತು ನಿಮಿಷ ಕಾಯ್ಬೇಕು, ಒಳಗಿನ ನೀರು ಹೊರಗಿನ ನೀರು ಒಂದೇ ಬಿಸಿಗಿ ಬರಬೇಕು, ಆಮ್ಯಾಲ ಬಾಯಿ ಬಿಚ್ಚಿ ಚೀಲದೊಳಗ ಸ್ವಲ್ಪ ಸ್ವಲ್ಪ ಡ್ಯಾಮಿನ ನೀರು ಬಿಟ್ಕೋತಾ ಚೀಲ ಓರೆ ಮಾಡಿದ್ರ ಮರಿ ತಾವೇ ಈಸಿ ಹೊರಗ ಹೋಗ್ತಾವ. ಡ್ರೈವರ್‌ಗಿ ಮಾತ್ರ ಅವಸರ, "ಸಾಹೇಬ್ರ ಜಲ್ದಿ ಮಾಡ್ರಿ, ಇನ್ನ ಎರಡು ಕೆರಿ ಅವ" ಅಂತಿರ್ತಾನ. ನನ್ನ ಖಾಯಂ ತಕರಾರು ಮರಿ ಸೈಜಿಂದು. ದೊಡ್ಡ ನೀರಿಗಿ ಕಿರುಬೆರಳಿಗಿಂತ ಉದ್ದ, 8ರಿಂದ 10 ಸೆಂಟಿಮೀಟರಿನ ಬಲಿತ ಮರಿ ಬಿಡ್ಬೇಕು. ಎರಡೂವರೆ ಸೆಂಟಿಮೀಟರಿಂದು ಬಿಟ್ರ ಅದು ದೊಡ್ಡ ಮೀನಿಗಿ ನಾಷ್ಟಾ. ಆದ್ರ ಬಲಿತ ಮರಿ ಸಾಕ್ಲಾಕ ಎರಡು ಮೂರು ತಿಂಗಳು ಹೆಚ್ಚಿಗಿ ಬೇಕು, ಕೆರಿಯಂಥಾ ಹೊಂಡ ಬೇಕು, ರೇಟೂ ಹೆಚ್ಚು. ಕಾಗದದ ಮ್ಯಾಲ ಲಕ್ಷದ ಲೆಕ್ಕದಾಗ ತೋರಿಸ್ಬೇಕಂದ್ರ ಸಣ್ಣ ಮರಿನೇ ಚಲೋ ಕಾಣಸ್ತದ, ಅದಕ್ಕ ಸಣ್ಣ ಮರಿನೇ ಬರ್ತದ.

ಇಲ್ಲಿ ಮೀನ ಹಿಡ್ಯೋರು ಕಬ್ಬಲಿಗರು, ಅಂಬಿಗರು, ಕೋಲಿ ಸಮಾಜದವ್ರು. ಬಹಳಷ್ಟು ಮನಿದಾಗ ಅಂಬಿಗರ ಚೌಡಯ್ಯನ ಫೋಟೋ ಇರ್ತದ, ಜನವರಿ 21ಕ್ಕ ಜಯಂತಿ ಜೋರು. ಹನ್ನೆರಡನೇ ಶತಮಾನದಾಗ ದೋಣಿ ನಡಸ್ಕೋತ ಮುಖಕ್ಕ ಹೊಡದಂಗ ವಚನ ಹೇಳಿದ ಶರಣ ಅಂವ, ಆಫೀಸಿನಿಂದ ಬಂದ ನಮ್ಮಂಥಾವರ ಜೋಡಿ ಈ ಮಂದಿ ಮಾತಾಡೋ ರೀತಿ ಕೇಳಿದ್ರ ಆ ನಾಲಿಗಿ ಇನ್ನೂ ಹಂಗೇ ಅದ ಅನಸ್ತದ. ಟ್ರಾಲ್ ಬೋಟ್ ಇಲ್ಲ, ಡೀಸೆಲ್ ಇಲ್ಲ. ಹರಗೋಲು, ಅದೂ ಇಲ್ದವ್ರು ಥರ್ಮಾಕೋಲ್ ಮ್ಯಾಲ ಇಲ್ಲಾ ಟ್ಯೂಬಿನ ಮ್ಯಾಲ. ಗಂಡ ಹುಟ್ಟು ಹಾಕ್ತಾನ, ಹೆಂಡ್ತಿ ಬಲೆ ಬಿಡ್ತಾಳ. ಸಂಜಿಮುಂದ ಬಲೆ ಬಿಟ್ಟು ಬರೋದು, ನಸುಕಿನಾಗ ಹೋಗಿ ಎತ್ತೋದು. ಕಿವಿರು ಬಲೆ ಅದು, ಮೀನ ತಲಿ ತೂರಿಸ್ತದ, ಮೈ ತೂರಲ್ಲ, ಹಿಂದ ಬರ್ಲಾಕ ಕಿವಿರು ಸಿಕ್ಕೋತದ. ಇದರ ಗುಣ ಏನಂದ್ರ ಕಣ್ಣು ಎಷ್ಟೋ ಮೀನ ಅಷ್ಟೇ, ಭಾಳ ಸಣ್ಣದು ದಾಟಿ ಹೋಗ್ತದ, ಭಾಳ ದೊಡ್ಡದು ತಲಿನೇ ತೂರ್ಸಲ್ಲ. ಅಂದ್ರ ಕಣ್ಣು ದೊಡ್ಡದು ಮಾಡಿದ್ರ ಎರಡು ಕಿಲೋ ಕಟ್ಲಾ, ಸಣ್ಣದು ಮಾಡಿದ್ರ ಕಾಲ್ಕಿಲೋದ್ದು. ಇದು ಅವ್ರಿಗಿ ನಾ ಹೇಳ್ಬೇಕಾಗಿಲ್ಲ, ಅವ್ರೇ ನಂಗ ಹೇಳ್ತಾರ.

ಗೊತ್ತಿದ್ರೂ ಸಣ್ಣ ಕಣ್ಣೇ ಹಾಕ್ತಾರ. ಇಲ್ಲಿ ಬ್ಯಾಂಕಿನ ಕಂತಿಲ್ಲ, ಸಾವಕಾರನ ಅಡ್ವಾನ್ಸ್ ಅದ. ಮಳಿಗಾಲಕ್ಕ ಬಲೆ ತಗೋಳ್ಳಾಕ, ಮಗಳ ಮದುವಿಗಿ, ದವಾಖಾನಿಗಿ ಅಂತ ರೊಕ್ಕ ಇಸ್ಕೊಂಡಿರ್ತಾರ, ಇಸ್ಕೊಂಡ ಮ್ಯಾಲ ಮೀನ ಅಂವಗೇ ಹಾಕ್ಬೇಕು, ಅಂವ ಹೇಳಿದ ರೇಟಿಗಿ, ಅಂವನ ತಕ್ಕಡಿದಾಗ. ಅಂವ ದಿನಾ ಬರ್ತಾನ, ದಿನಾ ಅಷ್ಟೋ ಇಷ್ಟೋ ಮೀನ ಬೇಕು. ಮೀನ ದೊಡ್ಡದಾಗ್ಲಿ, ದೀಪಾವಳಿ ದಾಟಿದ ಮ್ಯಾಲ ಹಿಡಿಯೋಣ ಅಂತ ಯಾವ ಅಡ್ವಾನ್ಸ್ ಕಾಯ್ತದ? ಒಬ್ಬ ಕಾಕಾ ನಂಗ ಹೇಳಿದ್ರು, "ಸರಾ, ಆ ಮೀನ ನೀರಾಗ ಬೆಳೀತದ ಖರೇ, ನನ್ನ ಬಾಕಿ ದಂಡಿ ಮ್ಯಾಲ ಅದಕ್ಕಿಂತ ಜೋರ ಬೆಳೀತದ."

ನೂರಾರು ಕಿಲೋಮೀಟರ್ ಆ ಕಡಿ ಧಕ್ಕೆದಾಗ ಬೀಡಿ ಕಟ್ಟಿನ ಹಿಂದ ಬರ್ದು ತೋರಿಸಿದ ಲೆಕ್ಕನೇ ಇದು. ಸಾಲ ಕೊಟ್ಟವನು ಮಾತ್ರ ಬ್ಯಾರೆ.

ಸಾವಕಾರನ್ನ ಖಳನಾಯಕ ಮಾಡೋದು ಸಲೀಸ. ನಾನೂ ಮಾಡ್ತಿದ್ನಿ, ಒಂದು ದಿನ ಅಂವನ ಪಿಕಪ್ಪಿನಾಗೇ ಕಲಬುರಗಿ ತನಕ ಕುಂತು ಬಂದ್ನಿ. ದಾರಿಯುದ್ದಕ್ಕ ಫೋನ್, ಮಾರ್ಕೆಟ್ಟಿನಾಗ ಆಂಧ್ರ ಗಾಡಿ ಬಂತಾ ಇಲ್ಲಾ ಅಂತ. ನಮ್ಮ ಮಾರ್ಕೆಟ್ಟಿನಾಗ ರೇಟು ಇಟ್ಟಿರೋದು ಕೃಷ್ಣಾನೂ ಅಲ್ಲ ಭೀಮಾನೂ ಅಲ್ಲ, ಆಂಧ್ರದ ಭೀಮವರಂ, ಕೈಕಲೂರು ಕಡಿಯಿಂದ ಐಸ್ ತುಂಬ್ಕೊಂಡು ಬರೋ ಲಾರಿ. ಅಲ್ಲಿ ಹೊಂಡದಾಗ ಗೊಬ್ಬರ ಹಾಕಿ ತೌಡು ಹಾಕಿ ಒಂದೇ ಸೈಜಿನ ರೋಹು ಬೆಳೀತಾರ, ಅದು ಇಲ್ಲಿ ಇಳಿದ ದಿನ ನಮ್ಮ ಡ್ಯಾಮಿನ ಮೀನಿಗಿ ಅದೇ ರೇಟು, ಕೆಲವು ಸಲ ಅದಕ್ಕಿಂತ ಕಮ್ಮಿ, ಯಾಕಂದ್ರ ನಮ್ಮದು ಐಸ್ ಇಲ್ದೇ ಬಂದಿರ್ತದ, ಬ್ಯಾಸಗಿದಾಗ 42 ಡಿಗ್ರಿ ಬಿಸಲಾಗ ಎರಡು ತಾಸಿನಾಗ ಕಿವಿರು ಕಪ್ಪಾಗ್ತದ. ಹೊಳಿ ಮೀನಿನ ರುಚಿನೇ ಬ್ಯಾರೆ ಅಂತ ತಿನ್ನೋರು ಹೇಳ್ತಾರ, ರೊಕ್ಕ ಕೊಡೋ ಮುಂದ ಆಂಧ್ರ ರೇಟು ಹೇಳ್ತಾರ. ಅಂದ್ರ ಸಾವಕಾರನೂ ಹೆದರಿಕಿಯಾಗೇ ಧಂದೆ ಮಾಡ್ತಾನ. ಅಂವ ಕದಿಯಲ್ಲ ಅಂತ ಹೇಳವಲ್ಲೆ ನಾ, ತಕ್ಕಡಿ ನೋಡೀನಿ.

ಈ ನಡುವ ಹೊಳಿ ಬ್ಯಾರೆ. 2020ರ ಅಕ್ಟೋಬರಾಗ ಭೀಮಾಕ್ಕ ಮಹಾಪೂರ ಬಂತು, ಮಹಾರಾಷ್ಟ್ರದ ಉಜನಿ ಕಡಿಯಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜಿನಾಗ 8 ಲಕ್ಷ ಕ್ಯೂಸೆಕ್ ತನಕ ಹೋಯ್ತು. ಬಲೆ ಹೋದ್ವು, ಹರಗೋಲು ಹೋದ್ವು, ಬೆಳಿ ಪರಿಹಾರಕ್ಕ ಎಲ್ಲಾರೂ ಓಡ್ಯಾಡಿದ್ರು, ಬಲಿಗಿ ಯಾರೂ ಕೇಳಲಿಲ್ಲ. ಬ್ಯಾಸಗಿ ಬಂದ್ರ ಅದೇ ಭೀಮಾ ಬತ್ತಿ ಗುಂಡಿ ಗುಂಡಿ ಆಗ್ತದ, ಗುಂಡಿದಾಗ ಉಳದ ಮೀನ ಯಾರು ಬೇಕಾದ್ರೂ ಹಿಡೀತಾರ, ಮುಂದಿನ ವರ್ಷ ಮೊಟ್ಟಿ ಇಡೋ ತಾಯಿ ಮೀನ ಅವೇ.

ಜಿಲೇಬಿ ಮೀನಿನ ಬಗ್ಗೆ ಎರಡು ಮಾತು. ಟಿಲಾಪಿಯಾ ಅದು, 1952ರಾಗ ನಮ್ಮ ದೇಶಕ್ಕ ತಂದ್ರು, ಈಗ ಎಲ್ಲಾ ನೀರಾಗ ತಾನೇ ಮಾಲಕ. ಮರಿ ಬಾಯಾಗ ಇಟ್ಕೊಂಡು ಸಾಕ್ತದ, ಹಂಗಾಗಿ ಮರಿ ಸಾಯೋದೇ ಕಮ್ಮಿ. ನಮ್ಮಂಥಾ ವಿಜ್ಞಾನಿಗಳು ಅದನ್ನ ಬೈತೀವಿ, ಮನಿ ತುಂಬಾ ಸಾಲ ಇರೋ ಮೀನಗಾರ ಬೈಯಲ್ಲ, ಯಾಕಂದ್ರ ಯಾರೂ ಬಿಡ್ಲಾರ್ದೇ ಬರ್ತದ, ಸಣ್ಣ ಕಣ್ಣಿಗಿ ದಿನಾ ಸಿಗ್ತದ, ಕಮ್ಮಿ ರೇಟಿಗಿ ಹೋದ್ರೂ ದಿನಾ ಹೋಗ್ತದ. ಸಣ್ಣ ಕಣ್ಣಿನ ಬಲೆಗಿ ಜಿಲೇಬಿ ಜೋಡಿ ಕಟ್ಲಾ ಮರಿನೂ ಬೀಳ್ತಾವ, ಅಲ್ಲಿ ನಾವು ಬಿಟ್ಟ ಮರಿ ಲೆಕ್ಕ ಮುಗೀತು.

ನೀ ಧಂದೆಯವರ ಕಡಿ ಆಗೀಯಪ್ಪಾ ಅಂತ ನನ್ನ ಜೋಡಿ ಓದಿದವ್ರು ಕೆಲವರು ಹೇಳ್ತಾರ. ಕರಾವಳಿದಾಗ ಇದ್ದಾಗ ಪರಿಸರದವ್ರು ಹಂಗ ಅಂದ್ರು, ಬೋಟಿನ ಮಾಲಕರು ಇವ್ನು ಸರ್ಕಾರದ ಕಡಿಯವ ಅಂದ್ರು. ಇದರಾಗ ಒಂದು ಖರೇ ಮಾತು ಅದ. ಬೋಟಿನವ್ರು ಕೊಟ್ಟ ಲಾಗ್‌ಬುಕ್, ಅಂದ್ರ ಹಿಡಿತದ ಲೆಕ್ಕದ ಪುಸ್ತಕ, ಇಟ್ಕೊಂಡು ಲೆಕ್ಕ ಹಾಕೋ ಮುಂದ ಅವ್ರಿಗಿ ಸೇರ್ಲಾರದ ಉತ್ತರ ಬಂದ್ರ ಮುಂದಿನ ವರ್ಷ ಲಾಗ್‌ಬುಕ್ ಸಿಗಲ್ಲ, ಈ ಹೆದರಿಕಿ ಇರ್ತದ, ಇಲ್ಲಾ ಅಂತ ಹೇಳೋರು ಆ ಕೆಲಸ ಮಾಡಿರಲ್ಲ. ನಾ ಕಂಡ ಉಪಾಯ ಒಂದೇ, ಉತ್ತರ ಮೊದ್ಲು ಅವ್ರಿಗೇ ತೋರಿಸೋದು, ಅವ್ರ ಎದುರಿಗೇ, ಎಲ್ಲಾ ಬಗಿ ಮೀನಗಾರರನ್ನ ಒಂದೇ ಖೋಲಿದಾಗ ಕುಂದ್ರಿಸಿ. ದೊಡ್ಡ ಬೋಟಿನವ ಸಣ್ಣ ದೋಣಿಯವನ ಮುಂದ ಮೀನ ಭಾಳ ಅವ ಅಂತ ಸುಳ್ಳು ಹೇಳ್ಲಾಕ ಆಗಲ್ಲ, ಸಣ್ಣ ದೋಣಿಯವ ನಾವು ಮರಿ ಹಿಡಿಯೋದೇ ಇಲ್ಲಾ ಅಂತ ಹೇಳ್ಲಾಕ ಆಗಲ್ಲ. ಗದ್ದಲ ಆಗ್ತದ, ಚಾ ಆರಿ ಹೋಗ್ತದ, ಆದ್ರ ನಮ್ಮ ಅಂದಾಜಿಗಿಂತ ಅವ್ರ ಜಗಳದಾಗ ಖರೇ ಅಂಕಿ ಹೊರಗ ಬೀಳ್ತಾವ. ಡ್ಯಾಮಿನ ಮೀನಗಾರರ ಸೊಸೈಟಿದಾಗೂ ಅದೇ ಮಾಡ್ತೀನಿ, ಸಾವಕಾರನ್ನೂ ಕರೀತೀನಿ. ಅಂವನ್ನ ಎದಕ ಕರೀತೀರಿ ಅಂತ ಮ್ಯಾಲಿನವ್ರು ಕೇಳಿದ್ರು. ಬಲೆ ಅಂವಂದು, ಅದಕ್ಕ ಅಂದ್ನಿ.

ಈಗ 2020ರಿಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಅಂತ ಬಂದದ, 20,050 ಕೋಟಿದು, ಅದರಾಗ ಡ್ಯಾಮಿನೊಳಗ ಪಂಜರ ಕಟ್ಟಿ ಮೀನ ಸಾಕೋದು, ಶೀತಲ ಪೆಟ್ಟಿಗಿ, ಐಸ್ ಪ್ಲಾಂಟ್, ಗಾಡಿ ಎಲ್ಲಾ ಅದಾವ. ಪಂಜರದ ಫೋಟೋ ಚೆಂದ ಬರ್ತದ, ಅದಕ್ಕ ಎಲ್ಲಾರೂ ಪಂಜರ ಅಂತಾರ. ರೊಕ್ಕ ಇದ್ದವ ಪಂಜರ ಹಾಕ್ತಾನ, ಹರಗೋಲಿನವ ಅದರಾಗ ಕೂಲಿ ಆಗ್ತಾನ, ನಂಗ ಅದು ಅಷ್ಟು ಸೇರಲ್ಲ. ನಾ ಹಿಡಿದಿರೋದು ಐಸ್.

ಐಸಿಗೂ ಮೀನಿನ ವಿಜ್ಞಾನಕ್ಕೂ ಏನ್ ಸಂಬಂಧ ಅಂತ ಕೇಳಬಹುದು. ಒಂದು ಕಿಲೋ ಮೀನಿಗಿ ಒಂದು ಕಿಲೋ ಐಸ್ ಹಾಕಿ ಚಲೋ ಪೆಟ್ಟಿಗಿದಾಗ ಇಟ್ರ ಕಟ್ಲಾ ಎರಡು ಮೂರು ದಿನ ಏನೂ ಆಗಲ್ಲ, ಆರಾಮ ಒಂದು ವಾರ ತಡೀತದ. ಮೀನ ಎರಡು ದಿನ ಇಟ್ಕೋಳ್ಳಾಕ ಬಂದ್ರ ಅವತ್ತೇ ಮಾರ್ಬೇಕು ಅನ್ನೋ ಧಾವತಿ ಇಲ್ಲ, ಆಂಧ್ರ ಗಾಡಿ ಬಂದ ದಿನ ಬಿಟ್ಟು ಮರುದಿನ ಮಾರಬಹುದು, ದಿನಾ ಅಷ್ಟಷ್ಟು ಹಿಡಿಯೋ ಬದಲಿ ವಾರಕ್ಕ ಮೂರು ದಿನ ದೊಡ್ಡ ಕಣ್ಣಿನ ಬಲೆ ಬಿಡಬಹುದು. ಆದ್ರೂ ಅಡ್ವಾನ್ಸ್ ತೀರಲ್ಲ, ಅದು ಗೊತ್ತದ, ಅದಕ್ಕ ಸೊಸೈಟಿಯವ್ರು ತಮ್ಮದೇ ಬಲೆ ಫಂಡ್ ಮಾಡ್ಕೋಬೇಕು ಅಂತ ಎರಡು ಊರಾಗ ಮಾತು ನಡದದ. ಒಂದು ಊರಾಗ ಹೆಣ್ಮಕ್ಕಳ ಸಂಘ ರೊಕ್ಕ ಹಾಕ್ಲಾಕ ತಯಾರ ಅದ, ಅವ್ರ ಷರತ್ತು ಒಂದೇ, ಮದ್ಲು ತಕ್ಕಡಿ ನಮ್ಮದಿರ್ಬೇಕು, ಬಲೆ ಆಮ್ಯಾಲ. ಇನ್ನೊಂದು ಊರಾಗ ಸೊಸೈಟಿ ಎರಡು ಬಣ ಆಗ್ಯಾದ, ಫಂಡ್ ಯಾರ ಹೆಸರಿಗಿ ಅನ್ನೋದರ ಮ್ಯಾಲ ಕುಸ್ತಿ, ಅಲ್ಲಿ ಈ ಮಳಿಗಾಲಕ್ಕ ಏನೂ ಆಗಲ್ಲ ಅನಸ್ತದ. ತಕ್ಕಡಿ ಊರಿಂದು ಅರ್ಜಿ ನಾನೇ ಕುಂತು ಬರ್ದೀನಿ, ಡಿಜಿಟಲ್ ತಕ್ಕಡಿ, ಐಸ್ ಪೆಟ್ಟಿಗಿ, ಜೋಡಿ ದೊಡ್ಡ ಕಣ್ಣಿನ ಬಲೆ. ಮ್ಯಾಲಿನ ಆಫೀಸಿಂದ ಒಂದು ಆಕ್ಷೇಪಣಿ ಬಂದು ವಾಪಸ್ ಆಗ್ಯಾದ, ಬಲಿಗಿ ಒಂದು ಯೋಜನೆ ತಕ್ಕಡಿಗಿ ಇನ್ನೊಂದು ಯೋಜನೆ ಅಂತ, ಎರಡು ಅರ್ಜಿ ಮಾಡಿ ಸೋಮವಾರ ಮತ್ತ ಕೊಡ್ಬೇಕು.